ಕೆಂಪು ಎಣ್ಣೆ ಹೋದ ದಾರಿ

2009ರ ನವೆಂಬರ್ 14, ಶನಿವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಜೀಪಿನ ಹೊಟ್ಟೆಯ ಕೆಳಗೆ ಹಿಂದಿನ ದಿನ ಹಾಸಿಟ್ಟಿದ್ದ ಬಿಳಿ ರಟ್ಟನ್ನು ಅವಳು ಮಂಡಿಯೂರಿ ಹೊರಗೆಳೆದು, ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಳು. ಒಂದು ಹನಿಯೂ ಇರಲಿಲ್ಲ. ಒಣಗಿದ ಒಂದು ಎಲೆ, ದಾರಿ ತಪ್ಪಿದ ಒಂದು ಇರುವೆ, ಮೂಲೆಯಲ್ಲಿ ಅವಳದೇ ಹೆಬ್ಬೆರಳಿನ ಮಸುಕು ಗುರುತು. ತಿರುಗಿಸಿ ಇನ್ನೊಮ್ಮೆ ನೋಡಿದಳು. ಊರಿಗೆ ನೀರು ಬಿಡುವ ಘಟಕದ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಗಾಜಿಗೆ ಅಂಟಿದ ಗಸಿ ಹುಡುಕುತ್ತ ಬಂದವಳಿಗೆ ‘ಇಲ್ಲ’ ಎನ್ನುವುದನ್ನು ಒಂದೇ ನೋಟಕ್ಕೆ ಒಪ್ಪುವ ಅಭ್ಯಾಸವಿರಲಿಲ್ಲ. ಒಂದು ಕೆಂಪು ಕಲೆ ಬೀಳಲಿ ಎಂದು ಹೀಗೆ ಹಾತೊರೆಯುತ್ತಿರುವುದು ತನಗೇ ವಿಚಿತ್ರವೆನಿಸಿತು. ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಎಣ್ಣೆ ಕೆಂಪು. ಈ ಎರಡು ತಿಂಗಳಲ್ಲಿ ಅರ್ಧ ಲೀಟರಿನ ಎರಡು ಬಾಟಲಿ ಹಾಕಿದ್ದೇನೆ ಎಂದು ಅಪ್ಪ ಹೇಳುತ್ತಿದ್ದರು. ಸೋರಿದ್ದನ್ನು ಅವರು ತುಂಬುತ್ತ ಬಂದಿದ್ದರೆ ಆ ಮಾತಿಗೆ ಅರ್ಥವಿದೆ. ಸೋರಿಯೇ ಇಲ್ಲವೆಂದರೆ ಹಾಕಿಯೂ ಇಲ್ಲ. ಹಾಕಿದೆನೆಂದು ನಂಬಿಕೊಂಡಿದ್ದಾರೆ, ಅಷ್ಟೆ. ಸಂಜೆ ನಾಲ್ಕಕ್ಕೆ ಅಣ್ಣ ಬಂದು ಜೀಪನ್ನು ಕೊಳ್ಳುವವರ ಮನೆ ಮುಟ್ಟಿಸುವವನಿದ್ದ. ಅದರ ಕೀಲಿ ಮೂರು ವಾರದಿಂದ ಅವಳ ಕೈಚೀಲದಲ್ಲಿತ್ತು.

ಆ ಕೀಲಿಯನ್ನು ಅಪ್ಪನಿಂದ ಯಾರೂ ಕಿತ್ತುಕೊಂಡಿರಲಿಲ್ಲ. ಕಿತ್ತುಕೊಂಡಿದ್ದರೆ ಇಷ್ಟು ಕೊರೆಯುತ್ತಿರಲಿಲ್ಲವೇನೋ. ಅಂದು ಭಾನುವಾರ ಅಂಗಳದಲ್ಲಿ ಮೂವರೂ ನಿಂತಿದ್ದರು. ಅಪ್ಪನ ಕನ್ನಡಕ ತರಕಾರಿ ಬುಟ್ಟಿಯಲ್ಲಿ ಸಿಕ್ಕಿದ್ದು, ಒಲೆ ಆರಿಸದೆ ವಾಕಿಂಗ್ ಹೊರಟದ್ದು, ಒಂದು ಸಂಜೆ ಎರಡು ಗಂಟೆ ತಡವಾಗಿ ಮನೆಗೆ ಬಂದು, ಎಲ್ಲಿದ್ದಿರಿ ಅಂದರೆ ‘ದಾರಿ ಉದ್ದವಾಯಿತು’ ಅಂದದ್ದು, ಎಲ್ಲವನ್ನೂ ಅಣ್ಣ ದನಿ ಏರಿಸದೆ ಒಂದೊಂದಾಗಿ ಎತ್ತಿಟ್ಟಿದ್ದ. ಅವನದು ಕೋಪವಲ್ಲ, ಭಯ. ಭಯವಾದಾಗ ಅವನು ಆಫೀಸಿನವನಂತೆ ಮಾತಾಡುತ್ತಾನೆ. “ಎಣ್ಣೆ ಹಾಕಿದೆ ಹಾಕಿದೆ ಅಂತಾರೆ, ಗಾಡಿ ನೋಡಿದರೆ ಗೇರು ಹಿಡಿಯದೆ ಜಾರ್ತಾನೇ ಇದೆ. ನೀನೇ ಒಂದ್ಸಲ ನೋಡೇ. ಅಳೆಯೋದು ನಿನ್ನ ಕೆಲಸ ತಾನೆ.” ಅವಳು ನೋಡಿದ್ದಳು, ಶಾಸ್ತ್ರೋಕ್ತವಾಗಿ: ಸಮತಟ್ಟಾದ ನೆಲ, ರಾತ್ರಿಯಿಂದ ತಣ್ಣಗೆ ನಿಂತ ಎಂಜಿನ್ನು, ಒಗೆದ ಬಿಳಿ ಬಟ್ಟೆ. ಗೇರ್ ಬಾಕ್ಸಿನ ಅಳತೆಕಡ್ಡಿಯನ್ನು ಎಳೆದು, ಒರೆಸಿ, ಪೂರ್ತಿ ಇಳಿಸಿ, ಮತ್ತೆ ಎಳೆದಳು. ಎಣ್ಣೆ ಮೇಲಿನ ಗೀಟಿಗೆ ಸರಿಯಾಗಿ ನಿಂತಿತ್ತು. ಎರಡನೆಯ ಸಲವೂ ಅಷ್ಟೇ. “ಅಪ್ಪ, ಇದು ತುಂಬಿದೆ. ಒಂದು ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಕಡಿಮೆಯೂ ಆಗಿಲ್ಲ, ನೀವು ಹಾಕಿಯೂ ಇಲ್ಲ.” ಕೊನೆಯ ಮಾತು ಬೇಕಿರಲಿಲ್ಲ. ಅದು ತೀರ್ಮಾನ, ಅಳತೆಯಲ್ಲ. ಪ್ರಯೋಗಾಲಯದಲ್ಲಿ ಕೈಕೆಳಗಿನವರು ಹಾಗೆ ಬರೆದು ತಂದರೆ ಅವಳೇ ಹೊಡೆದು ಹಾಕುತ್ತಿದ್ದಳು. ಅಪ್ಪ ಕಡ್ಡಿಯ ತುದಿಯನ್ನು ಬಹಳ ಹೊತ್ತು ನೋಡಿದರು. “ನಾನು ನೋಡಿದಾಗಲೆಲ್ಲ ಕಡಿಮೆ ಇತ್ತಲ್ಲ” ಅಂದರು, ಯಾರಿಗೂ ಅಲ್ಲವೆಂಬಂತೆ. ಆಮೇಲೆ, “ಆಗಲಿ. ನೀನು ಅಳೆಯೋಳು. ನೀನು ಹೇಳಿದರೆ ಹಾಗೇ ಇರಬೇಕು” ಎಂದು, ಯಾರದೋ ಕೊಡೆಯನ್ನು ಹಿಂದಿರುಗಿಸುವವರಂತೆ, ಕೀಲಿಯನ್ನು ಅವಳ ಅಂಗೈಯಲ್ಲಿಟ್ಟರು. ಮರುದಿನ ಮುಂಜಾನೆ ಅವಳು ಖಾಲಿ ಬಾಟಲಿಗಳಿಗಾಗಿ ಕಸದ ಡಬ್ಬಿ ಕೆದಕಿದ್ದಳು. ಎದುರು ಮನೆಯಾಕೆ ಗೇಟಿನಲ್ಲೇ ನಿಂತು, “ಏನಾದರೂ ಬಂಗಾರ ಕಳೆದುಹೋಯಿತೇನ್ರೀ?” ಎಂದು ಕೇಳಿದ್ದಳು. ಬಾಟಲಿ ಸಿಕ್ಕಿರಲಿಲ್ಲ. ಮೊಣಕೈವರೆಗೆ ಬೂದಿ ಮೆತ್ತಿಕೊಂಡಿತ್ತು.

“ಏನು ಸಿಕ್ಕಿತು?” ಅಪ್ಪ ಎರಡು ಲೋಟ ಚಹಾ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು.

“ಏನೂ ಇಲ್ಲ.”

“ಇರುವೆ ಇದೆಯಲ್ಲ. ಅದನ್ನೂ ಲೆಕ್ಕಕ್ಕೆ ಹಿಡಿ, ಅಳತೆಗೋಲು.” ಚಿಕ್ಕಂದಿನಿಂದ ಅವರು ಅವಳನ್ನು ಕರೆಯುವುದೇ ಹಾಗೆ. ಮೂರು ವಾರದಿಂದ ಕರೆದಿರಲಿಲ್ಲ.

ಚಹಾ ಕುಡಿಯುತ್ತ ಅವಳು ಜೀಪನ್ನೇ ನೋಡಿದಳು. ಅಪ್ಪ ದನದ ಡಾಕ್ಟರಾಗಿದ್ದಾಗ ಕೆಸರಿನ ಕೊಟ್ಟಿಗೆಗಳಿಗೆ ಹೋಗಲೆಂದೇ ಕೊಂಡ, ನಾಲ್ಕೂ ಚಕ್ರಕ್ಕೆ ಬಲ ಹೋಗುವ ಹಳೆಯ ಗಾಡಿ. ಬಾಗಿಲ ಒಳಬದಿಯಲ್ಲಿ ಈಗಲೂ ಡೆಟಾಲಿನ ವಾಸನೆ. ನಿಜವಾಗಿ ಅವಳ ತಲೆ ತಿನ್ನುತ್ತಿದ್ದದ್ದು ಅಪ್ಪನ ಮರೆವಲ್ಲ, ಅದಕ್ಕಿಂತ ಸಣ್ಣ ಸಂಗತಿ. ಗೇರ್ ಬಾಕ್ಸು ಎಣ್ಣೆ ಸಾಲದ ಹಾಗೆ ನಡೆದುಕೊಳ್ಳುತ್ತಿತ್ತು. ಕಡ್ಡಿ ಮಾತ್ರ ತುಂಬಿದೆ ಅನ್ನುತ್ತಿತ್ತು. ಎರಡು ಉಪಕರಣಗಳು ಎರಡು ಮಾತು ಹೇಳಿದಾಗ ತನಗೆ ಇಷ್ಟವಾದದ್ದನ್ನು ಆರಿಸಿಕೊಳ್ಳುವಂತಿಲ್ಲ. ಅಂದು ಅವಳು ಆರಿಸಿಕೊಂಡಿದ್ದಳು.

“ಅಪ್ಪ, ರೋಗಿ ಒಂದು ಹೇಳಿ, ಥರ್ಮಾಮೀಟರು ಇನ್ನೊಂದು ಹೇಳಿದರೆ ಏನು ಮಾಡ್ತಿದ್ದಿರಿ?”

“ನನ್ನ ರೋಗಿಗಳು ಏನೂ ಹೇಳ್ತಿರಲಿಲ್ಲ. ಅದೇ ದೊಡ್ಡ ಅನುಕೂಲ.”

ಅವಳು ಕೈಚೀಲದಿಂದ ಕೀಲಿ ತೆಗೆದಳು. ಅಪ್ಪ ಅಷ್ಟರಲ್ಲಾಗಲೇ ಪಕ್ಕದ ಸೀಟಿನ ಕಡೆಗೆ ನಡೆಯುತ್ತಿದ್ದರು. ಮೂರೇ ವಾರದಲ್ಲಿ ಆ ಬಾಗಿಲು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು. “ನೀವೇ ಓಡಿಸಿ” ಅಂದಳು.

“ನಿಮ್ಮಣ್ಣ?”

“ಒಂದು ಸುತ್ತು ಅಷ್ಟೆ. ನನಗೆ ಅದರ ನಡಿಗೆ ನೋಡಬೇಕು.”

ನಡಿಗೆ ಎಂಬ ಮಾತು ಅಪ್ಪನಿಗೆ ಹಿಡಿಸಿತು. ಕುಂಟುವ ಎತ್ತನ್ನು ನಿಲ್ಲಿಸಿಕೊಂಡು ಎಷ್ಟು ನೋಡಿದರೂ ಯಾವ ಕಾಲೆಂದು ತಿಳಿಯುವುದಿಲ್ಲ, ನಡೆಸಬೇಕು ಎಂದು ಹೇಳಿಕೊಂಡೇ ಹತ್ತಿ ಕೂತರು. ಗೇರಿನ ಲಿವರನ್ನು ಮುಂದಕ್ಕೆ ಓಡಿಸುವ ‘ಡಿ’ಗೆ ಎಳೆದರು. ಗಾಡಿ ಯೋಚಿಸಿತು. ಅವಳು ಒಂದು ಉಸಿರು ಪೂರ್ತಿ ಎಳೆದು ಬಿಟ್ಟ ಮೇಲೆ, ಯಾರೋ ಹಿಂದಿನಿಂದ ಗುದ್ದಿದಂತೆ ಮುಂದಕ್ಕೆ ಹಾರಿತು. ಶಾಲೆಯ ಪಕ್ಕದ ಏರಿನಲ್ಲಿ ಎಂಜಿನ್ನು ಮೊರೆದದ್ದೇ ಮೊರೆದದ್ದು, ಚಕ್ರಕ್ಕೆ ಮಾತ್ರ ಆ ಸುದ್ದಿ ಮುಟ್ಟಲಿಲ್ಲ. “ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತು” ಅಂದರು ಅಪ್ಪ, ಬೇಸರವಿಲ್ಲದೆ. ವೃತ್ತದಲ್ಲಿ ತಿರುಗುವಾಗ ಮತ್ತೆ ಜಾರಿತು. ರಸ್ತೆ ನೇರವಾದ ಕೂಡಲೇ ಹಿಡಿಯಿತು. ಇನ್ನೊಂದು ತಿರುವು, ಮತ್ತೆ ಜಾರು. ಅವಳು ಸೀಟಿನಲ್ಲಿ ನೆಟ್ಟಗಾದಳು. ಕೆರೆಯಿಂದ ನೀರಿನ ಮಾದರಿ ತರುವ ವ್ಯಾನಿನಲ್ಲಿ ಕಾಲ ಬಳಿ ಬಕೆಟ್ಟು ಇರುತ್ತಿತ್ತು. ತಿರುವಿನಲ್ಲಿ ನೀರೆಲ್ಲ ಒಂದು ಗೋಡೆಗೆ ವಾಲಿ ತಳದ ಅರ್ಧ ಬರಿದಾಗಿ ಕಾಣುತ್ತಿತ್ತು. ತುಂಬಿದ ಬಕೆಟ್ಟಿನಲ್ಲಿ ತಳ ಕಾಣುವುದಿಲ್ಲ. ಎಣ್ಣೆ ಹೀರುವ ಬಾಯಿಗೆ ತಿರುವಿನಲ್ಲಿ ಗಾಳಿ ಸಿಗುತ್ತಿದೆ ಎಂದರೆ ಒಳಗೆ ಎಣ್ಣೆ ಸಾಲದು. ಕಡ್ಡಿ ಸುಳ್ಳು ಹೇಳಿತ್ತು, ಅಥವಾ ಅವಳು ಕೇಳಬಾರದ ಹೊತ್ತಿನಲ್ಲಿ ಅದನ್ನು ಕೇಳಿದ್ದಳು.

ಅಂಗಳಕ್ಕೆ ಬಂದ ಮೇಲೆ ಅಪ್ಪ ಎಂಜಿನ್ನು ಆರಿಸಲಿಲ್ಲ. ಬ್ರೇಕಿನ ಮೇಲೆ ಕಾಲಿಟ್ಟು, ಲಿವರನ್ನು ಒಂದೊಂದೇ ಮನೆಗೆ ಸರಿಸಿ, ಪ್ರತಿ ಮನೆಯಲ್ಲೂ ಸ್ವಲ್ಪ ತಡೆದು, ಮತ್ತೆ ಹಾಗೆಯೇ ಹಿಂದಕ್ಕೆ ತಂದು ನಿಲ್ಲಿಸಿದರು. ಬೆಣ್ಣೆಯಿಂದ ಕೂದಲು ತೆಗೆಯುವ ನಾಜೂಕು. ಆ ಕೈಯನ್ನು ಅವಳು ನೋಡಿದ್ದಳು. ಒಂಬತ್ತು ವರ್ಷದವಳಿದ್ದಾಗ, ರಜೆಯ ಒಂದು ಮಧ್ಯಾಹ್ನ, ಯಾರದೋ ಕೊಟ್ಟಿಗೆಯಲ್ಲಿ ಸೋಪಿನ ಬಕೆಟ್ಟು ಹಿಡಿದು ನಿಂತಿದ್ದಳು. ಅಪ್ಪನ ತೋಳು ಭುಜದವರೆಗೆ ಹಸುವಿನೊಳಗೆ ಇಳಿದಿತ್ತು, ಕಣ್ಣು ಮುಚ್ಚಿತ್ತು. ನಿದ್ದೆ ಮಾಡ್ತಿದ್ದೀರಾ ಅಪ್ಪ ಎಂದು ಕೇಳಿದರೆ, ಇಲ್ಲ ಮಗಳೇ, ನೋಡ್ತಿದ್ದೀನಿ, ಅಂದಿದ್ದರು. “ಈಗ ಕಡ್ಡಿ ನೋಡು” ಅಂದರು ಅಪ್ಪ, ಸೀಟಿನಿಂದಲೇ, ತಲೆ ತಿರುಗಿಸದೆ.

ಅವಳು ಬಾನೆಟ್ಟು ಎತ್ತಿ, ಬಿಸಿ ಕಡ್ಡಿಯನ್ನು ಎಳೆದು ಒರೆಸಿ ಇಳಿಸಿದಳು, ಎಳೆದಳು. ಎಣ್ಣೆ ಮೇಲಿನ ಗೀಟಿಗೂ ಇಲ್ಲ, ಕೆಳಗಿನ ಗೀಟಿಗೂ ಇಲ್ಲ. ತುದಿಯಲ್ಲಿ ಮಾತ್ರ ಕುಂಕುಮದ ಬೊಟ್ಟಿನಷ್ಟು ಕೆಂಪು. ಎಂಜಿನ್ನು ಓಡುವಾಗ ಎಣ್ಣೆ ಕೊಳವೆಗಳಲ್ಲಿ, ತಟ್ಟೆಗಳಲ್ಲಿ, ಎಲ್ಲ ಸಂದುಗೊಂದುಗಳಲ್ಲಿ ಹರಡಿಕೊಂಡಿರುತ್ತದೆ. ನಿಲ್ಲಿಸಿದರೆ ಎಲ್ಲವೂ ತಳಕ್ಕೆ ಇಳಿದು ತುಂಬಿದ ಹಾಗೆ ನಟಿಸುತ್ತದೆ. ಇದು ಎಂಜಿನ್ ಎಣ್ಣೆಯ ಹಾಗಲ್ಲ, ಓಡುತ್ತಿರುವಾಗಲೇ ನೋಡಬೇಕಾದದ್ದು. ಎಷ್ಟು ಸರಳ. ಅವಳು ಬಿಳಿ ಬಟ್ಟೆಯೆಲ್ಲ ಹಿಡಿದು, ಮಲಗಿದವನ ಓಟ ಅಳೆದಿದ್ದಳು.

“ಅಂದೇ ಯಾಕೆ ಹೇಳಲಿಲ್ಲ?” ದನಿ ಒರಟಾಗಿ ಬಂತು, ನಾಚಿಕೆಯಾದಾಗ ಅವಳ ದನಿ ಹಾಗೆಯೇ.

ಅಪ್ಪ ಸ್ಟೀರಿಂಗಿನ ಮೇಲೆ ಕೈಯಿಟ್ಟು ಯೋಚಿಸಿದರು. “ಹೇಳೋಕೆ ನನಗೆ ನೆನಪಿರಲಿಲ್ಲ ಕಣೆ. ನೀನು ಅಷ್ಟು ಖಂಡಿತವಾಗಿ ಹೇಳಿದೆಯಲ್ಲ, ನಾನು ಹೇಗೆ ನೋಡ್ತಿದ್ದೆ ಅನ್ನೋದೇ ಮರೆತುಹೋಯಿತು. ಈಗ ಕೂತ ಮೇಲೆ ಕೈಗೆ ನೆನಪಾಯಿತು.” ಕಡ್ಡಿಯನ್ನು ಅವಳ ಕೈಯಿಂದ ಇಸಿದುಕೊಂಡು ನೋಡಿದರು. ಒಂದು ಗಳಿಗೆ ಅವರ ಮುಖ ಅರಳಿತು. ಆಮೇಲೆ, ಮೋಡ ಕವಿದಂತೆ, ಮನಸ್ಸಿನಲ್ಲೇ ಏನೋ ಕೂಡಿ ಕಳೆದರು. “ಆದರೆ ನೋಡು, ಒಂದು ಲೀಟರ್ ಹಾಕಿಯೂ ಇಷ್ಟು ಕಡಿಮೆ. ಕೆಳಗೆ ಹನಿ ಬಿದ್ದಿಲ್ಲ. ಹಾಗಾದರೆ ನಾನು ಹಾಕಿಲ್ಲ ಅಂತಲೇ ಆಯಿತಲ್ಲ?”

ಅವಳಿಗಿಂತ ಮೊದಲೇ ಅವರು ಅಲ್ಲಿಗೆ ತಲುಪಿದ್ದರು. ಕೇಳಿದ್ದು ಸಂಕಟದಿಂದಲೂ ಅಲ್ಲ, ಬೇರೆ ಯಾರದೋ ರೋಗದ ಬಗ್ಗೆ ಕೇಳಿದಂತೆ. ಅವಳು ಕೈಚಾಚಿ ಎಂಜಿನ್ನು ಆರಿಸಿದಳು. ತಣ್ಣಗಾಗಲು ಬಿಟ್ಟು ರೇಡಿಯೇಟರಿನ ಮುಚ್ಚಳ ತೆಗೆದು ನೋಡಿದಳು: ಎಣ್ಣೆ ಅಲ್ಲಿ ಸೇರಿದ್ದರೆ ನೀರು ಗುಲಾಬಿ ಹಾಲಿನಂತಿರಬೇಕು, ತಿಳಿ ಹಸಿರಾಗಿಯೇ ಇತ್ತು. ಹೊಗೆಯಾಗಿ ಹೋಗಿದ್ದರೆ ಸುಟ್ಟ ವಾಸನೆ ಬರಬೇಕಿತ್ತು. ಹೊಗೆಕೊಳವೆಗೆ ಮೂಗು ಹಿಡಿದಳು, ಪೆಟ್ರೋಲಿನ ವಾಸನೆ ಬಿಟ್ಟರೆ ಬೇರೇನಿಲ್ಲ. ಯಾವುದೂ ಇಲ್ಲವಾಗುವುದಿಲ್ಲ, ಜಾಗ ಬದಲಾಯಿಸುತ್ತದೆ. ಇದನ್ನು ಅವಳು ಎಷ್ಟೋ ಜನ ತರಬೇತಿಯವರಿಗೆ ಪಾಠ ಹೇಳಿದ್ದಳು. ಆದರೆ ಮನುಷ್ಯರ ತಲೆಯೊಳಗೆ, ಹಾಕದ ಎಣ್ಣೆಯೂ ಹಾಕಿದಂತೆ ಇರಬಲ್ಲದು. ಅದಕ್ಕೆ ಯಾವ ಪಾಠವಿದೆ?

ಮಧ್ಯಾಹ್ನ ಜೀಪನ್ನು ಗಾಡಿ ರಿಪೇರಿಯ ಮೇಸ್ತ್ರಿಯ ಬಳಿಗೆ ಒಯ್ದರು. ಅವನ ಗ್ಯಾರೇಜು ಹಳೆಯ ಮರದ ಗೋದಾಮು. ಗೋಡೆಗೆ ಸಾಲಾಗಿ ಸ್ಪ್ಯಾನರು, ನೆಲದಲ್ಲಿ ಇಳಿದು ನಿಲ್ಲುವ ಗುಂಡಿ, ಮಾಡಿನ ತಗಡಿನ ತೂತಿನಿಂದ ಬಿದ್ದ ಬಿಸಿಲಿನ ನಾಣ್ಯಗಳು. “ಏನ್ ಡಾಕ್ಟರೇ, ಕೊಡೋ ಮುಂಚೆ ಕೂಸಿಗೆ ಸ್ನಾನ ಮಾಡಿಸೋಕೆ ಬಂದಿರಾ?” ಎಂದ ಮೇಸ್ತ್ರಿ. ಜೀಪನ್ನು ಗುಂಡಿಯ ಮೇಲೆ ತಂದು ನಿಲ್ಲಿಸಿದ್ದೇ ತಡ, ಲಿವರ್ ಎಳೆದು, ಜಾರುವುದನ್ನು ಕೇಳಿ, ಕಡ್ಡಿ ಮುರಿದಂತೆ ಹೇಳಿಬಿಟ್ಟ: “ಗೇರ್ ಬಾಕ್ಸೇ ಇಳಿಸಬೇಕು ಅಕ್ಕ. ಒಳಗಿನ ತಟ್ಟೆ ಎಲ್ಲ ಹೋಗಿರ್ತವೆ.”

“ಕೆಳಗೆ ಸೋರಿಲ್ಲ, ಒಳಗೆ ಎಣ್ಣೆಯೇ ಸಾಲದು. ಅದಕ್ಕೇ ಜಾರ್ತಿರಬಹುದಲ್ಲ, ತಟ್ಟೆ ಹೋಗಿದೆ ಅಂತ ಹೇಗೆ ಹೇಳ್ತೀರಿ?”

“ಎಣ್ಣೆ ಇಲ್ಲ ಅಂದರೆ ಸೋರಿರಬೇಕು. ಸೋರಿಲ್ಲ ಅಂತೀರಿ. ಹಾಕಿರಲ್ಲ ಬಿಡಿ, ಮರೆತಿರ್ತಾರೆ.” ಅವನು ಅಪ್ಪನ ಮುಂದೆಯೇ ಅಂದ. ಅಪ್ಪ ನಕ್ಕರು, ಟೈರಿನ ಮೇಲೆ ಕೂತರು. ಅವಳ ಕಿವಿ ಬಿಸಿಯಾಯಿತು. ಯಾಕೆಂದರೆ ಆ ಮಾತು ಮೇಸ್ತ್ರಿಯದಲ್ಲ, ಅವಳದೇ.

ಚಪ್ಪಲಿ ಬಿಟ್ಟು ಅವಳೇ ಗುಂಡಿಗಿಳಿದಳು. ಮೇಸ್ತ್ರಿ ಲ್ಯಾಂಪು ಹಿಡಿದು ಹಿಂದೆ ಇಳಿದ. ತಲೆಯ ಮೇಲೆ ಗಾಡಿಯ ಹೊಟ್ಟೆ: ಮಣ್ಣು, ತುಕ್ಕು, ಒಣಗಿದ ಹುಲ್ಲು, ಎಲ್ಲೂ ಹಸಿ ಇಲ್ಲ. ಗೇರ್ ಬಾಕ್ಸನ್ನು ಮುಂದಿನಿಂದ ಹಿಂದಿನವರೆಗೆ ಅಂಗೈಯಿಂದ ಸವರಿದಳು. ಇದಕ್ಕೆ ಏನೇನು ತಾಗಿಕೊಂಡಿದೆ? ಮುಂದೆ ಎಂಜಿನ್ನು. ಬದಿಯಲ್ಲಿ ರೇಡಿಯೇಟರಿಗೆ ಹೋಗುವ ಕೊಳವೆ, ಅದನ್ನು ನೋಡಿಯಾಯಿತು. ಹಿಂದೆ, ಬೆನ್ನಿಗೆ ಬೆನ್ನು ಹಚ್ಚಿಕೊಂಡಂತೆ, ಇನ್ನೊಂದು ಪೆಟ್ಟಿಗೆ.

“ಇದೇನು?”

“ಅದು ಫೋರ್ ವೀಲಿಂದು. ಮುಂದಿನ ಚಕ್ರಕ್ಕೊಂದು, ಹಿಂದಿನ ಚಕ್ರಕ್ಕೊಂದು ಪಾಲು ಮಾಡಿ ಕೊಡುತ್ತೆ. ನಾವು ಸಣ್ಣ ಬಾಕ್ಸು ಅಂತೀವಿ. ಅದರದ್ದು ಏನೂ ತಕರಾರಿಲ್ಲ.”

“ಅದರ ಎಣ್ಣೆ?”

“ಬೇರೆ. ಜೇನುತುಪ್ಪದ ಬಣ್ಣ ಇರುತ್ತೆ. ಬೇರೆ ಮನೆ ಅಕ್ಕ, ಬೇರೆ ಒಲೆ. ಮಧ್ಯ ಗೋಡೆ ಇದೆ.”

“ಗೋಡೆ ಪೂರ್ತಿಯಾ?”

“ಶಾಫ್ಟು ದಾಟಬೇಕಲ್ಲ, ಅಷ್ಟು ತೂತು. ಅದಕ್ಕೆ ಸುತ್ತ ರಬ್ಬರಿನ ಸೀಲಿರುತ್ತೆ.” ಹೇಳುತ್ತ ಹೇಳುತ್ತ ಮೇಸ್ತ್ರಿಯ ಮಾತು ನಿಧಾನವಾಯಿತು.

“ಎಷ್ಟು ವರ್ಷದ ರಬ್ಬರು?”

ಮೇಲಿನಿಂದ ಅಪ್ಪ ಬಗ್ಗಿ ನೋಡಿದರು. ಟೈರಿನಿಂದ ಯಾವಾಗ ಎದ್ದಿದ್ದರೋ. “ಹಸುವಿಗೆ ನಾಲ್ಕು ಹೊಟ್ಟೆ” ಅಂದರು, ಕಣ್ಣು ಮಿನುಗುತ್ತ. “ಒಂದು ಹಸಿದಿದ್ದರೆ ಪಕ್ಕದ್ದು ಉಬ್ಬಿದೆಯಾ ಅಂತ ಮುಟ್ಟಿ ನೋಡಬೇಕು.”

“ಇದರ ಎಣ್ಣೆ ಕೊನೆಗೆ ನೋಡಿದ್ದು ಯಾವಾಗ?” ಅವಳು ಕೇಳಿದಳು.

“ತಕರಾರು ಇಲ್ಲದ್ದನ್ನು ಯಾರು ನೋಡ್ತಾರೆ?” ಎಂದ ಮೇಸ್ತ್ರಿ. ಈ ಸಲ ಅದರಲ್ಲಿ ಉಡಾಫೆಯಿರಲಿಲ್ಲ. ಸಣ್ಣ ಬಾಕ್ಸಿನ ಬದಿಯಲ್ಲಿ, ಎಣ್ಣೆ ತುಂಬುವ ತೂತಿಗೆ ಒಂದು ಬೋಲ್ಟು ಇತ್ತು. ಎಣ್ಣೆ ಆ ತೂತಿನ ಕೆಳತುಟಿವರೆಗೆ ಇದ್ದರೆ ಸರಿ, ತೆಗೆದಾಗ ಹೊರಗೆ ಬರಬಾರದು. ಅವನು ಸ್ಪ್ಯಾನರು ಕಚ್ಚಿಸಿದ. ಬೋಲ್ಟು ಇನ್ನೂ ಪೂರ್ತಿ ಕಳಚಿರಲಿಲ್ಲ, ಅದರ ಸುತ್ತ ಒಂದು ಗೆರೆ ಮೂಡಿತು. ಮರುಕ್ಷಣ ಮೇಸ್ತ್ರಿಯ ತೋಳ ಮೇಲೆ ಎಣ್ಣೆ ಧಾರೆಯಾಗಿ ಸುರಿಯಿತು. ಜೇನಿನ ಬಣ್ಣವಲ್ಲ. ಕೆಂಪು. ಬಿಸಿಲಿನ ನಾಣ್ಯವೊಂದು ಅದರ ಮೇಲೆ ಬಿದ್ದು ದಾಳಿಂಬೆಯ ಕಾಳಿನಂತೆ ಹೊಳೆಯಿತು. “ಬೇಸಿನ್ ತನ್ನಿ, ಒಂದು ಹನಿ ಚೆಲ್ಲಬೇಡಿ” ಎಂದು ಅವಳು ತೂತಿಗೆ ಅಂಗೈಯನ್ನೇ ಒಡ್ಡಿದಳು. ಬೆರಳ ಸಂದಿಯಿಂದ ಅದು ಬೆಚ್ಚಗೆ ಇಳಿಯಿತು. ಎರಡು ತಿಂಗಳಿಂದ ಅಪ್ಪನ ತಲೆಯೊಳಗೆ ಮಾತ್ರ ಇದೆಯೆಂದು ತಾನು ತೀರ್ಮಾನಿಸಿದ್ದ ಎಣ್ಣೆ.

ಆಮೇಲಿನದು ಅವಳ ಕೆಲಸ. ತಳದ ಬೋಲ್ಟನ್ನೂ ಬಿಚ್ಚಿ ಸಣ್ಣ ಬಾಕ್ಸನ್ನು ಪೂರ್ತಿ ಬಸಿದು, ಕೈಗೆ ಮೆತ್ತಿದ್ದನ್ನೂ ಬೇಸಿನ್ನಿನ ಅಂಚಿಗೆ ಒರೆಸಿ, ಗೀಟಿರುವ ಜಗ್ಗಿನಲ್ಲಿ ಅಳೆದಳು: ಮೂರೂವರೆ ಲೀಟರ್. ಅದಕ್ಕೆ ಹಿಡಿಯಬೇಕಾದದ್ದು ಒಂದು ಲೀಟರ್ ಮುನ್ನೂರು ಎಂದ ಮೇಸ್ತ್ರಿ. ಉಳಿದ ಎರಡು ಲೀಟರ್ ಇನ್ನೂರು ಪಕ್ಕದ ಮನೆಯಿಂದ ಬಂದದ್ದು. ಚಾಕ್‌ಪೀಸಿನಿಂದ ಟೈರಿನ ಮೇಲೆ ಬರೆದಳು. ಅಷ್ಟೂ ಅಪ್ಪ ಹಾಕಿದ್ದಲ್ಲ. ಗೇರ್ ಬಾಕ್ಸಿಗೆ ಈಗ ಎಷ್ಟು ಕೊರತೆಯೋ ಅಷ್ಟು ಅದರದೇ ಹಳೆಯ ಎಣ್ಣೆ, ಮಿಕ್ಕದ್ದು ಅಪ್ಪನದು. ಸೀಲು ಬದಲಿಸಲು ಸೋಮವಾರವೇ ಆಗುವುದು. ಕೊರತೆಯನ್ನು ಇವತ್ತೇ ಅಳೆಯಬಹುದು. ಅಪ್ಪ ಸೀಟಿಗೇರಿ ಗಾಡಿ ಶುರು ಮಾಡಿ, ಬಿಸಿಯಾಗಲು ಬಿಟ್ಟು, ಲಿವರನ್ನು ಮನೆಯಿಂದ ಮನೆಗೆ ಸರಿಸಿದರು. ಅವಳು ಆಲಿಕೆ ಇಟ್ಟು, ಜಗ್ಗಿನಿಂದ ಹೊಸ ಎಣ್ಣೆಯನ್ನು ನೂಲಿನಂತೆ ಬಿಟ್ಟು, ಕಡ್ಡಿ ಇಳಿಸಿ ನೋಡಿ, ಮತ್ತೆ ಬಿಟ್ಟಳು. “ಈಗ?” ಅನ್ನುವರು ಅಪ್ಪ. “ಇನ್ನೂ” ಅನ್ನುವಳು. “ಈಗ?” “ಇನ್ನೊಂಚೂರು.” ಇಬ್ಬರೂ ಹೀಗೆ ಒಂದೇ ಕೆಲಸಕ್ಕೆ ಕೈಹಚ್ಚಿ ಎಷ್ಟು ಕಾಲವಾಗಿತ್ತು. ಎಣ್ಣೆ ಮೇಲಿನ ಗೀಟು ಮುಟ್ಟಿದಾಗ ಜಗ್ಗಿನಿಂದ ಏಳುನೂರು ಮಿಲಿಲೀಟರ್ ಇಳಿದಿತ್ತು. ಅವಳು ಟೈರಿನ ಮೇಲೆ ಅದನ್ನೂ ಬರೆದು, ಗೆರೆ ಎಳೆದು, ಕಳೆದಳು. ಚಾಕ್‌ಪೀಸು ಕೈಯಲ್ಲೇ ನಿಂತಿತು.

ಎರಡು ಬಾಟಲಿಯೆಂದರೆ ಒಂದು ಲೀಟರ್. ಬಂದದ್ದು ಅದಕ್ಕಿಂತ ಹೆಚ್ಚು. ಗೋಡೆಗಂಟಿ ಉಳಿದದ್ದು, ಅಳತೆಯ ದೋಷ, ಎಷ್ಟೇ ಎಳೆದರೂ ಒಂದು ಚಮಚ, ಎರಡು ಚಮಚ. ಇಡೀ ಒಂದು ಬಾಟಲಿಯಲ್ಲ. ಅಂದರೆ ಮೂರನೆಯದೊಂದಿತ್ತು. ಅಪ್ಪ ಎಲ್ಲೋ ನಿಂತು, ಬಾನೆಟ್ಟು ಎತ್ತಿ, ಹದವಾಗಿ ಸುರಿದು, ಆಮೇಲೆ ಅಷ್ಟನ್ನೂ ನೆನಪಿನಿಂದ ಕಳೆದುಕೊಂಡ ಬಾಟಲಿ. ಎರಡು ಗಂಟೆ ತಡವಾದ ಆ ಸಂಜೆ, ದಾರಿ ಉದ್ದವಾದ ಸಂಜೆ, ಅವಳ ಮನಸ್ಸಿಗೆ ತಾನಾಗಿ ಬಂತು. ಜಾರಿ ನಿಂತ ಗಾಡಿ, ರಸ್ತೆಯ ಪಕ್ಕ ಒಬ್ಬರೇ, ಓಡುತ್ತಿರುವ ಎಂಜಿನ್ನಿನ ಮೇಲೆ ಬಗ್ಗಿದ ಬೆನ್ನು. ಎಲ್ಲವನ್ನೂ ಸರಿಯಾಗಿ ಮಾಡಿದ ಕೈ, ಏನನ್ನೂ ಇಟ್ಟುಕೊಳ್ಳದ ತಲೆ.

“ಏನಾಯಿತೇ?” ಅಣ್ಣ ಬಾಗಿಲಲ್ಲಿದ್ದ. ಮನೆಗೆ ಹೋಗಿ, ಬೀಗ ಕಂಡು, ಇಲ್ಲಿಗೆ ಬಂದಿದ್ದ. ಅಂಗಿ ಬೆವರಿಗೆ ಅಂಟಿತ್ತು. ಚಾಲಕನ ಸೀಟಿನಲ್ಲಿದ್ದ ಅಪ್ಪನನ್ನು ನೋಡಿದ, ಅವಳ ಕೆಂಪು ಕೈಗಳನ್ನು ನೋಡಿದ. “ಹಾಕಿದ್ದರಾ, ಇಲ್ಲವಾ? ಅಷ್ಟು ಹೇಳು.”

“ಹಾಕಿದ್ದರು. ಒಳಗೊಳಗೇ ಪಕ್ಕದ ಪೆಟ್ಟಿಗೆಗೆ ಹೋಗಿತ್ತು. ನಾನು ಅಂದು ನೋಡಿದ ರೀತಿಯೇ ತಪ್ಪು. ಜೀಪು ಇವತ್ತು ಎಲ್ಲಿಗೂ ಹೋಗಲ್ಲ.”

ಅಣ್ಣ ಬಾಗಿಲ ಕಂಬಕ್ಕೆ ಒರಗಿದ. ಅವನ ಭುಜ ಇಳಿಯಿತು. ಮುಖದಲ್ಲಿ ಬಂದದ್ದು ಸಮಾಧಾನವೆಂದು ಅವಳಿಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ಇಲ್ಲಿಗೇ ನಿಲ್ಲಿಸಬಹುದಿತ್ತು. ಅಂಗೈ ಟೈರಿನ ಮೇಲೆ ಆಡಿಸಿದರೆ ಚಾಕಿನ ಬರಹ ಎಣ್ಣೆಯಲ್ಲಿ ಕಲಸಿಹೋಗುತ್ತಿತ್ತು. ಹೆಚ್ಚುಕಡಿಮೆ ಒಂದು ಲೀಟರ್ ಅಂದರೆ ಯಾರೂ ಕೇಳುತ್ತಿರಲಿಲ್ಲ.

“ಎಷ್ಟು ಬಂತು, ಅಳತೆಗೋಲು?” ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದರು. “ಎರಡು ಬಾಟಲಿ ಸರಿಯಾಯಿತಾ?” ಅವರ ಕಣ್ಣಲ್ಲಿ ಭಯವಿಲ್ಲ, ಬೇಡಿಕೆಯಿಲ್ಲ; ಕೊಟ್ಟಿಗೆಯ ಆ ಮಧ್ಯಾಹ್ನ ಮುಚ್ಚಿದ ರೆಪ್ಪೆಯ ಹಿಂದೆ ಇದ್ದದ್ದು ಇದೇ ಇರಬೇಕು, ಒಳಗೆ ಏನಿದೆಯೋ ಅದನ್ನು ಇದ್ದ ಹಾಗೆ ಮುಟ್ಟುವ ಆಸೆ. ಎಂಜಿನ್ನು ಸಮನಾಗಿ ಓಡುತ್ತಿತ್ತು. ಅವಳು ಟೈರಿನ ಬಳಿ ಕೂತು ಲೆಕ್ಕವನ್ನು ಮೇಲಿನಿಂದ ಇನ್ನೊಮ್ಮೆ ಮಾಡಿದಳು, ಉತ್ತರ ಬದಲಾಗಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ, ಅಣ್ಣನಿಗೂ ಕೇಳುವಷ್ಟು ದನಿಯಲ್ಲಿ ಹೇಳಿದಳು.

“ನೀವು ಹಾಕಿದ್ದು ಒಂದು ಲೀಟರ್ ಐನೂರು ಮಿಲಿಲೀಟರ್, ಅಪ್ಪ.”